ದೇಹಕ್ಕೆ ಬಲ, ಪರಿಸರಕ್ಕೆ ಹಿತ: ದಂಪತಿಗಳಿಗೊಂದು ವ್ಯಾಯಾಮದ ಪಾಠ

ಆರೋಗ್ಯವಂತರಾದ ಪತಿಪತ್ನಿಯರೇ ಸುಖೀ ಸಂಸಾರದ ತಳಹದಿ. ಮಿತವಾದ ಆಹಾರ, ಶುದ್ಧವಾದ ನೀರು, ಸಾಕಷ್ಟು ನಿದ್ರೆ ಇವುಗಳಂತೆಯೇ ನಿತ್ಯ ವ್ಯಾಯಾಮವೂ ದೇಹಕ್ಕೆ ಅವಶ್ಯಕವೆಂಬುದನ್ನು ನೀವು ಬಲ್ಲಿರಿ. ಆದರೆ ಆ ವ್ಯಾಯಾಮವನ್ನು ಎಲ್ಲಿ ಮಾಡುತ್ತೇವೆ, ಯಾವ ಸಾಧನಗಳಿಂದ ಮಾಡುತ್ತೇವೆ ಎಂಬುದು ಮನೆಯ ಖರ್ಚಿಗೂ ನಾವು ಉಸಿರಾಡುವ ಗಾಳಿಗೂ ಸಂಬಂಧಪಟ್ಟ ವಿಷಯವೆಂಬುದು ಅನೇಕರ ಗಮನಕ್ಕೆ ಬಂದಿಲ್ಲ. ದೇಹಕ್ಕೆ ಬಲ ತರುವ ಕೆಲಸವು ಪರಿಸರಕ್ಕೆ ಭಾರವಾಗದಂತೆ ನಡೆಸಿಕೊಂಡು ಹೋಗುವ ಬಗೆಯನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ದುಡಿಯುವವರಿಗೂ ವ್ಯಾಯಾಮ ಬೇಕೆ?

"ಹೊಲದಲ್ಲಿ ದುಡಿಯುವ ನಮಗೆ ವ್ಯಾಯಾಮವೇಕೆ, ಡಾಕ್ಟರೇ?" ಎಂದು ಆರೋಗ್ಯ ಕೇಂದ್ರಕ್ಕೆ ಬರುವವರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಅಗೆಯುವುದು, ಕಳೆ ಕೀಳುವುದು, ಹೊರೆ ಹೊರುವುದು ಇವೆಲ್ಲವೂ ದೇಹಶ್ರಮವೇ. ವಿಶ್ವ ಆರೋಗ್ಯ ಸಂಸ್ಥೆಯೂ ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಹಳ್ಳಿಯ ದುಡಿಮೆಯ ಸ್ವರೂಪವು ಈಗ ಬಹಳವಾಗಿ ಬದಲಾಗಿದೆ. ಎತ್ತಿನ ನೇಗಿಲಿನ ಹಿಂದೆ ದಿನವಿಡೀ ನಡೆಯುತ್ತಿದ್ದ ರೈತನು ಇಂದು ಟ್ರ್ಯಾಕ್ಟರಿನ ಮೇಲೆ ಕುಳಿತಿದ್ದಾನೆ. ಏತ, ಕಪಿಲೆಗಳಿದ್ದ ಕಡೆ ಕೊಳವೆ ಬಾವಿಯ ಪಂಪು ಬಂದಿದೆ. ಪಕ್ಕದ ಬೀದಿಯ ಅಂಗಡಿಗೂ ಮೋಟಾರ್ ಸೈಕಲ್ ಹೊರಡುತ್ತದೆ. ಬಿತ್ತನೆ, ಸುಗ್ಗಿಗಳಲ್ಲಿ ಬೆವರು ಹರಿದರೂ ಉಳಿದ ತಿಂಗಳುಗಳಲ್ಲಿ ದೇಹಕ್ಕೆ ಹೇಳಿಕೊಳ್ಳುವಂತಹ ಕೆಲಸವಿಲ್ಲ.

ಇದರ ಪರಿಣಾಮ ಕಣ್ಣೆದುರಿಗೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಡೆಸಿ 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ಇದು ಪಟ್ಟಣದವರ ಕಾಯಿಲೆಯೆಂಬ ಭಾವನೆ ಇನ್ನು ಸಲ್ಲದು. ಹಳ್ಳಿಗಳ ವಯಸ್ಕರಲ್ಲಿಯೂ ನೂರಕ್ಕೆ ಸುಮಾರು 9 ಮಂದಿ ಇದಕ್ಕೆ ತುತ್ತಾಗಿದ್ದಾರೆ. 2022ರ ಸ್ಥಿತಿಯನ್ನು ಕುರಿತು 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆಯಿಲ್ಲವೆಂದೂ ಈ ಕೊರತೆ ಪುರುಷರಿಗಿಂತ ಸ್ತ್ರೀಯರಲ್ಲೇ ಹೆಚ್ಚೆಂದೂ ತಿಳಿಸಿದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದು ಹಿರಿಯರು ಹೇಳಿದ್ದು ಸಂಪತ್ತಿನ ವಿಷಯದಲ್ಲಿ. ಆ ಮಾತು ಆರೋಗ್ಯಕ್ಕೂ ಅನ್ವಯಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯನ್ನು ಮಾಡಬೇಕು. ವಾರದಲ್ಲಿ ಎರಡು ದಿನವಾದರೂ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮವಿರಬೇಕು. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ಬಿರುಸಾಗಿ ನಡೆದರೆ 150 ನಿಮಿಷಗಳು ಪೂರೈಸುತ್ತವೆ. ನಡೆಯುವಾಗ ಜೊತೆಯವರೊಡನೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಆ ವೇಗವೇ ಸರಿಯಾದ ವೇಗ.

ಒಂದು ಮನೆಯ ಲೆಕ್ಕ

ಈಗ ತಾಲ್ಲೂಕು ಕೇಂದ್ರಗಳಲ್ಲಿಯೂ ಜಿಮ್‌ಗಳು ತೆರೆದಿವೆ. ಹಳ್ಳಿಯ ತರುಣರು ಅಲ್ಲಿಗೆ ಹೋಗುತ್ತಿರುವುದು ಸಂತೋಷದ ಸಂಗತಿಯೇ. ಅದರಿಂದ ಪರಿಸರಕ್ಕೆ ಬೀಳುವ ಹೊರೆ ಎಷ್ಟೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯೋಣ.

ಪಟ್ಟಣದಿಂದ 10 ಕಿಲೋಮೀಟರ್ ದೂರದ ಹಳ್ಳಿಯ ಗೃಹಸ್ಥನೊಬ್ಬನು ತಿಂಗಳಿಗೆ 25 ದಿನ ಮೋಟಾರ್ ಸೈಕಲ್ಲಿನಲ್ಲಿ ಜಿಮ್‌ಗೆ ಹೋಗಿಬರುತ್ತಾನೆಂದು ಭಾವಿಸೋಣ. ದಿನಕ್ಕೆ 20 ಕಿಲೋಮೀಟರ್, ತಿಂಗಳಿಗೆ 500 ಕಿಲೋಮೀಟರ್ ಆಯಿತು. ಲೀಟರಿಗೆ 50 ಕಿಲೋಮೀಟರ್ ಓಡಿದರೆ 10 ಲೀಟರ್ ಪೆಟ್ರೋಲ್ ಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅಂದರೆ ಪ್ರಯಾಣದಿಂದಲೇ ತಿಂಗಳಿಗೆ 23 ಕಿಲೋಗ್ರಾಂ.

ಆತನು ಅಲ್ಲಿ ದಿನಕ್ಕೆ ಅರ್ಧ ಗಂಟೆ ಟ್ರೆಡ್‌ಮಿಲ್ ಯಂತ್ರದ ಮೇಲೆ ನಡೆಯುತ್ತಾನೆ. ಆ ಯಂತ್ರಕ್ಕೆ 600ರಿಂದ 700 ವಾಟ್‌ಗಳಷ್ಟು ವಿದ್ಯುತ್ ಬೇಕೆಂದು ಹಿಡಿದರೆ ತಿಂಗಳಿಗೆ ಸುಮಾರು 8 ಯುನಿಟ್ ಆಗುತ್ತದೆ. ನಮ್ಮ ದೇಶದಲ್ಲಿ ಒಂದು ಯುನಿಟ್ ವಿದ್ಯುತ್ ಉತ್ಪಾದಿಸುವಾಗ ಸರಾಸರಿ 700 ಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆದುದರಿಂದ ಯಂತ್ರದ ಪಾಲು ತಿಂಗಳಿಗೆ ಸುಮಾರು 6 ಕಿಲೋಗ್ರಾಂ.

ಈ ಎರಡನ್ನೂ ಹೋಲಿಸಿ ನೋಡಿರಿ. ಒಟ್ಟು ಹೊರೆಯಲ್ಲಿ ಐದನೆಯ ನಾಲ್ಕು ಭಾಗದಷ್ಟು ದಾರಿಯಲ್ಲಿಯೇ ಉಂಟಾಗಿದೆ! ಪೆಟ್ರೋಲಿಗೆ ಲೀಟರಿಗೆ ನೂರು ರೂಪಾಯಿಯಂತೆ ಹಿಡಿದರೂ ತಿಂಗಳಿಗೆ ಸಾವಿರ ರೂಪಾಯಿ ಸುಟ್ಟುಹೋಯಿತು. ನಡೆಯುವ ಯಂತ್ರದ ಮೇಲೆ ನಡೆಯುವುದಕ್ಕಾಗಿ 20 ಕಿಲೋಮೀಟರ್ ಕುಳಿತು ಪ್ರಯಾಣ ಮಾಡುವುದು ಎಷ್ಟು ವಿವೇಕದ ಕೆಲಸವೆಂಬುದನ್ನು ನೀವೇ ಯೋಚಿಸಿರಿ. ಹವಾನಿಯಂತ್ರಣ ಯಂತ್ರ, ರಾತ್ರಿಯ ದೀಪಗಳು, ನಿತ್ಯ ಕೊಳ್ಳುವ ಪ್ಲಾಸ್ಟಿಕ್ ನೀರಿನ ಬಾಟಲಿ ಇವುಗಳ ಲೆಕ್ಕ ಬೇರೆಯೇ ಇದೆ. ತಿಂಗಳಿಗೆ 25 ಬಾಟಲಿಗಳೆಂದರೆ ವರ್ಷಕ್ಕೆ 300 ಬಾಟಲಿಗಳು.

ಕೆಲವರು ಟ್ರೆಡ್‌ಮಿಲ್ಲನ್ನು ಮನೆಗೇ ತರುವ ಆಲೋಚನೆ ಮಾಡುತ್ತಾರೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ನಿಗದಿತ ಮಿತಿಯೊಳಗಿನ ಮನೆಯ ವಿದ್ಯುತ್ತಿಗೆ ಹಣ ಕೊಡಬೇಕಾಗಿಲ್ಲದಿದ್ದರೂ ಆ ವಿದ್ಯುತ್ತು ಎಲ್ಲಿಂದಲೋ ಬರಲೇಬೇಕು. ಪಾವಗಡದ ಸೌರ ವಿದ್ಯುತ್ ಹಗಲಿನಲ್ಲಿ ಮಾತ್ರ ದೊರೆಯುವಂಥದು. ನಾವು ವ್ಯಾಯಾಮ ಮಾಡುವುದು ನಸುಕಿನಲ್ಲಿ ಅಥವಾ ದೀಪ ಹಚ್ಚಿದ ಮೇಲೆ. ಆ ಹೊತ್ತಿನಲ್ಲಿ ಶರಾವತಿಯ ನೀರು, ರಾಯಚೂರು ಮತ್ತು ಬಳ್ಳಾರಿಯ ಶಾಖೋತ್ಪನ್ನ ಕೇಂದ್ರಗಳ ಕಲ್ಲಿದ್ದಲು ಇವೇ ನಮ್ಮ ಮುಖ್ಯ ಆಧಾರ.

ಇದಕ್ಕೆ ಪ್ರತಿಯಾಗಿ, ಸೈಕಲ್ ತುಳಿದು ವಿದ್ಯುತ್ ತಯಾರಿಸಬಾರದೇಕೆ ಎಂದು ವಿದ್ಯಾವಂತ ತರುಣರು ಕೇಳಬಹುದು. ಆರೋಗ್ಯವಂತನಾದ ವ್ಯಕ್ತಿಯು ಬಿಡದೆ ತುಳಿದರೆ ಹೆಚ್ಚೆಂದರೆ ಸುಮಾರು 100 ವಾಟ್ ಶಕ್ತಿ ದೊರೆತೀತು. ಇಪ್ಪತ್ತು ಮಂದಿ ಅರ್ಧ ಗಂಟೆ ತುಳಿದರೆ ಒಂದೇ ಒಂದು ಯುನಿಟ್! ವಿದ್ಯುತ್ತನ್ನು ಉತ್ಪಾದಿಸುವುದಕ್ಕಿಂತ ಅದನ್ನು ಬಳಸದೆ ವ್ಯಾಯಾಮ ಮಾಡುವುದು ಎಷ್ಟೋ ಸುಲಭವೆಂದು ಇದರಿಂದ ತಿಳಿಯುತ್ತದೆ.

ಗರಡಿಮನೆಯಿಂದ ಕಲಿಯಬೇಕಾದುದು

ಟ್ರೆಡ್‌ಮಿಲ್ಲಿನ ಚರಿತ್ರೆ ಕುತೂಹಲಕರವಾದುದು. 1818ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ವಿಲಿಯಂ ಕ್ಯೂಬಿಟ್ ಎಂಬುವರು ಸೆರೆಮನೆಯ ಕೈದಿಗಳಿಗಾಗಿ ಮೆಟ್ಟಿಲುಗಳುಳ್ಳ ದೊಡ್ಡ ಚಕ್ರವೊಂದನ್ನು ರೂಪಿಸಿದರು. ಕೈದಿಗಳು ಅದನ್ನು ತುಳಿದು ಧಾನ್ಯ ಬೀಸುತ್ತಿದ್ದರು. ಅಂದು ಮನುಷ್ಯನ ಕಾಲು ಯಂತ್ರವನ್ನು ತಿರುಗಿಸುತ್ತಿತ್ತು. ಇಂದು ವಿದ್ಯುತ್ತು ಮನುಷ್ಯನ ಕಾಲ ಕೆಳಗಿನ ಪಟ್ಟಿಯನ್ನು ತಿರುಗಿಸುತ್ತಿದೆ.

ನಮ್ಮ ನಾಡಿನಲ್ಲಿ ದೇಹ ಸಾಧನೆಗೆ ಬೇರೊಂದು ಮಾರ್ಗವಿತ್ತು, ಈಗಲೂ ಇದೆ. ಮೈಸೂರಿನ ದಸರಾ ಕುಸ್ತಿಗೆ ಪೈಲ್ವಾನರನ್ನು ಸಿದ್ಧಗೊಳಿಸುವ ಗರಡಿಮನೆಗಳನ್ನು ನೋಡಿರಿ. ಮಟ್ಟಿಯ ಕೆಮ್ಮಣ್ಣು, ಮರದ ಗದೆ, ಕಲ್ಲಿನ ಗುಂಡು, ಮಲ್ಲಕಂಬ ಇಷ್ಟೇ ಅಲ್ಲಿನ ಸಲಕರಣೆ. ದಂಡ, ಬಸ್ಕಿಗಳಿಗೆ ಸ್ವಂತ ದೇಹದ ಭಾರವೇ ಸಾಕು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆಗಳು ಇಂದಿಗೂ ನಡೆಯುತ್ತವೆ. ಈ ಸಾಧನಗಳು ತಲೆಮಾರುಗಳವರೆಗೆ ಬಾಳುತ್ತವೆ, ವಿದ್ಯುತ್ತನ್ನು ಬೇಡುವುದಿಲ್ಲ, ಕೆಟ್ಟರೆ ಮಣ್ಣಿಗೇ ಸೇರುತ್ತವೆ. ಗರಡಿಗೆ ಹಿಂದೆ ಸ್ತ್ರೀಯರಿಗೆ ಪ್ರವೇಶವಿರಲಿಲ್ಲವೆಂಬುದು ಒಂದು ಕೊರತೆ. ಇಂದು ನಮ್ಮ ಹೆಣ್ಣುಮಕ್ಕಳೂ ಕುಸ್ತಿಯ ಕಣಕ್ಕೆ ಇಳಿದಿದ್ದಾರೆ. ಆದುದರಿಂದ ಗರಡಿಯ ಮಿತವ್ಯಯವನ್ನು ಮನೆಗೆ ತಂದು ಪತಿಪತ್ನಿಯರಿಬ್ಬರೂ ಅದರ ಪ್ರಯೋಜನ ಪಡೆಯಬೇಕು.

ಮನೆಯಂಗಳದ ವ್ಯಾಯಾಮ

ಈ ಕೆಳಗಿನ ಕ್ರಮವನ್ನು ಯಾರಾದರೂ ಅನುಸರಿಸಬಹುದು.

1. ನಡಿಗೆ: ವಾರದಲ್ಲಿ ಐದು ದಿನ, ಅರ್ಧ ಗಂಟೆ. ಕೆರೆಯ ಏರಿ, ಹೊಲದ ಬದು, ಶಾಲೆಯ ಮೈದಾನ ಯಾವುದಾದರೂ ಆದೀತು. ವಾಹನಗಳ ಹೊಗೆ, ಧೂಳು ತುಂಬಿದ ರಸ್ತೆಯ ಅಂಚು ಬೇಡ. ಹೊಲಕ್ಕೆ, ಹಾಲಿನ ಡೇರಿಗೆ, ಸಂತೆಗೆ ನಡೆದು ಅಥವಾ ಸೈಕಲ್ಲಿನಲ್ಲಿ ಹೋದರೆ ಪೆಟ್ರೋಲ್ ಉಳಿಯುತ್ತದೆ, ವ್ಯಾಯಾಮವೂ ಆಗುತ್ತದೆ.

2. ಬಸ್ಕಿ ಮತ್ತು ದಂಡ: ವಾರಕ್ಕೆ ಎರಡು ಅಥವಾ ಮೂರು ದಿನ. ಮೊದಲ ವಾರ ಎಂಟೆಂಟು ಸಾಕು; ಕ್ರಮೇಣ ಹೆಚ್ಚಿಸಿರಿ. ನೆಲದ ಮೇಲೆ ದಂಡ ತೆಗೆಯಲು ಕಷ್ಟವಾದವರು ಗೋಡೆಗೆ ಅಂಗೈ ಊರಿ ಅದನ್ನೇ ಅಭ್ಯಾಸ ಮಾಡಬಹುದು. ಮೊಣಕಾಲು ನೋವಿರುವವರು ಪೂರ್ತಿ ಕುಕ್ಕರಿಸದೆ ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತು ಬಾರಿ ಮಾಡಲಿ.

3. ಭಾರ ಎತ್ತುವುದು: ಸಣ್ಣ ಗೋಣಿಚೀಲದಲ್ಲಿ ಐದು ಕಿಲೋ ಮರಳು ತುಂಬಿ ಬಾಯಿ ಹೊಲಿದರೆ ಜಿಮ್‌ನ ಡಂಬ್‌ಬೆಲ್ಲಿನ ಕೆಲಸ ಅದರಿಂದಲೇ ಆಗುತ್ತದೆ. ಎರಡು ಕೈಗಳಲ್ಲಿ ಐದೈದು ಲೀಟರಿನ ನೀರಿನ ಪಾತ್ರೆಗಳನ್ನು ಹಿಡಿದು ಹಿತ್ತಲಿಗೆ ನಾಲ್ಕು ಬಾರಿ ನಡೆದರೆ ತೋಳಿಗೆ ಬಲ, ಕರಿಬೇವಿನ ಗಿಡಕ್ಕೆ ನೀರು. ಭಾರ ಎತ್ತುವಾಗ ಬೆನ್ನು ಬಾಗಿಸದೆ ಮಂಡಿ ಬಾಗಿಸಿರಿ. ಕ್ರಿಮಿನಾಶಕ ಔಷಧಿಯ ಖಾಲಿ ಡಬ್ಬಗಳನ್ನು ಈ ಕೆಲಸಕ್ಕೆ ಎಂದಿಗೂ ಉಪಯೋಗಿಸಬಾರದು. ತೊಳೆದರೂ ಅದರಲ್ಲಿ ವಿಷದ ಅಂಶ ಉಳಿದಿರುತ್ತದೆ.

4. ಸೂರ್ಯನಮಸ್ಕಾರ, ಹಗ್ಗದಾಟ: ದೇಹ ಒಗ್ಗಿದ ಮೇಲೆ ಹತ್ತು ನಿಮಿಷ. ನೆಲಕ್ಕೆ ಹಾಸಲು ಮನೆಯ ಜಮಖಾನೆ ಅಥವಾ ಚಾಪೆ ಸಾಕು. ಪ್ಲಾಸ್ಟಿಕ್ಕಿನ ಹೊಸ ಹಾಸನ್ನು ಕೊಳ್ಳುವ ಅಗತ್ಯವಿಲ್ಲ. ಜಾರದಂತೆ ಮಾತ್ರ ನೋಡಿಕೊಳ್ಳಿರಿ.

ಉಡುಪಿಗೆ ಸಡಿಲವಾದ ಹತ್ತಿಯ ಬಟ್ಟೆ ಉತ್ತಮ. ಪಾಲಿಯೆಸ್ಟರ್ ಬಟ್ಟೆಯನ್ನು ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರುತ್ತವೆ. ಇರುವ ಬಟ್ಟೆಯನ್ನು ಎಸೆದು ಹೊಸದನ್ನು ತರುವುದೂ ತರವಲ್ಲ. ಅದು ಹರಿಯುವವರೆಗೆ ಬಳಸಿರಿ. ಕುಡಿಯಲು ಮನೆಯ ಕಾಯಿಸಿ ಆರಿಸಿದ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಒಯ್ಯಿರಿ.

ಪತ್ನಿಯ ಪಾಲಿನ ಅರ್ಧ ಗಂಟೆ

ಮೇಲಿನ ಮಾತುಗಳನ್ನು ಓದಿದ ಪತಿಯು, "ನನ್ನ ಹೆಂಡತಿಗೆ ಮನೆಗೆಲಸವೇ ಸಾಕಷ್ಟು ವ್ಯಾಯಾಮ" ಎಂದು ಭಾವಿಸಬಹುದು. ಮಿಕ್ಸಿಯನ್ನು ಬಿಟ್ಟು ಒರಳುಕಲ್ಲಿಗೆ, ನಲ್ಲಿಯನ್ನು ಬಿಟ್ಟು ದೂರದ ಬಾವಿಗೆ ಹಿಂತಿರುಗಿರೆಂದು ಈ ಪಾಠ ಹೇಳುವುದಿಲ್ಲ. ಪರಿಸರದ ಹೆಸರಿನಲ್ಲಿ ಸ್ತ್ರೀಯ ಹೆಗಲಿಗೆ ಇನ್ನೊಂದು ಹೊರೆ ಹೊರಿಸುವುದು ಅನ್ಯಾಯ. ಬೇರೆ ದಾರಿಯಿಲ್ಲದೆ, ದಣಿದ ದೇಹದಿಂದ, ಬಿಡುವಿಲ್ಲದೆ ಮಾಡುವ ಕೆಲಸ ದುಡಿಮೆ. ತನ್ನ ದೇಹದ ಹಿತಕ್ಕಾಗಿ, ತನ್ನದೇ ಆದ ಹೊತ್ತಿನಲ್ಲಿ ಮಾಡುವುದು ವ್ಯಾಯಾಮ. ಮನೆಗೆಲಸದ ಶ್ರಮವೂ ದೇಹದ ಲೆಕ್ಕಕ್ಕೆ ಸೇರುತ್ತದೆ; ಆದರೆ ಒಂದೇ ಭಂಗಿಯಲ್ಲಿ ಬಾಗಿ ಮಾಡುವ ಕೆಲಸದಿಂದ ಸೊಂಟ ನೋವು ಬಂದೀತೇ ಹೊರತು ದೇಹದ ಎಲ್ಲ ಭಾಗಗಳಿಗೂ ಬಲ ಬರುವುದಿಲ್ಲ.

ಆದುದರಿಂದ ಪತ್ನಿಗೂ ದಿನಕ್ಕೆ ಅರ್ಧ ಗಂಟೆ ದೊರೆಯಬೇಕು. ಅದು ತಾನಾಗಿ ದೊರೆಯುವುದಿಲ್ಲ; ಪತಿಯು ಕಸ ಗುಡಿಸಿ, ನೀರು ತುಂಬಿ, ಮಕ್ಕಳನ್ನು ಶಾಲೆಗೆ ಸಿದ್ಧಪಡಿಸಿದರೆ ದೊರೆಯುತ್ತದೆ. ಆತನ ವ್ಯಾಯಾಮದ ಒಂದು ಭಾಗವೂ ಅದರಲ್ಲಿಯೇ ಮುಗಿಯುತ್ತದೆ. ಒಬ್ಬಳೇ ನಡೆಯಲು ಸಂಕೋಚಪಡುವವರು ಸ್ವಸಹಾಯ ಸಂಘದ ಗೆಳತಿಯರೊಡನೆ ನಡೆಯಲಿ. ಇಲ್ಲವೆ ದಂಪತಿಗಳು ಜೊತೆಯಾಗಿ ನಡೆಯಲಿ. ದಿನವಿಡೀ ಮಾತನಾಡಲು ಬಿಡುವಿಲ್ಲದ ಇಬ್ಬರಿಗೆ ಆ ಅರ್ಧ ಗಂಟೆ ಮನಸ್ಸು ಬಿಚ್ಚಿ ಮಾತನಾಡುವ ಅವಕಾಶವೂ ಆಗುತ್ತದೆ.

ಡಬ್ಬದ ಪುಡಿ ಮತ್ತು ಚುಚ್ಚುಮದ್ದು

ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿ ಅವಶ್ಯಕವೆಂಬ ನಂಬಿಕೆ ತರುಣರಲ್ಲಿ ಬಲವಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಸೂತ್ರಗಳಲ್ಲಿ ಇಂತಹ ಪುಡಿಗಳಿಂದ ದೂರವಿರಲು ಸಲಹೆ ನೀಡಿದೆ. 60 ಕಿಲೋ ತೂಕದ ವ್ಯಕ್ತಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಸಾಕು. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ, ಅಷ್ಟೇ ಕಡಲೆಕಾಯಿ ಬೀಜದಲ್ಲಿ ಸುಮಾರು 24 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ರಾಗಿ ಮುದ್ದೆ ಅಥವಾ ಜೋಳದ ರೊಟ್ಟಿಯೊಡನೆ ಹುರುಳಿ ಸಾರು, ಮೊಳಕೆ ಕಾಳು, ಮಜ್ಜಿಗೆ ಇದ್ದರೆ ಡಬ್ಬದ ಪುಡಿ ಬೇಕಿಲ್ಲ. ಹುರುಳಿ ಅಲ್ಪ ನೀರಿನಲ್ಲಿ ಬೆಳೆಯುವ ಬೆಳೆ. ಅದರ ಬೇರು ಮಣ್ಣಿಗೆ ಸಾರಜನಕವನ್ನೂ ಕೊಡುತ್ತದೆ. ಖಾಲಿ ಪ್ಲಾಸ್ಟಿಕ್ ಡಬ್ಬ ತಿಪ್ಪೆ ಸೇರುವ ಚಿಂತೆಯೂ ಇಲ್ಲ.

ಇದಕ್ಕಿಂತ ಅಪಾಯಕರವಾದುದು ಸ್ಟೀರಾಯ್ಡ್ ಮಾತ್ರೆ ಮತ್ತು ಚುಚ್ಚುಮದ್ದು. ಬೇಗನೆ ದಪ್ಪ ತೋಳು ಬರಲೆಂದು ವೈದ್ಯರ ಸಲಹೆಯಿಲ್ಲದೆ ಇವನ್ನು ತೆಗೆದುಕೊಳ್ಳುವ ಪುರುಷರಲ್ಲಿ ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ; ಯಕೃತ್ತಿಗೂ ಹೃದಯಕ್ಕೂ ಹಾನಿಯಾಗುತ್ತದೆ. ಮಕ್ಕಳಾಗಲಿಲ್ಲವೆಂದು ಪತ್ನಿಯನ್ನು ಮಾತ್ರ ಪರೀಕ್ಷೆಗೆ ಕರೆತರುವ ಕುಟುಂಬಗಳು ಈ ವಿಷಯವನ್ನು ತಿಳಿದಿರಬೇಕು. ಇಂತಹ ಔಷಧಿ ತೆಗೆದುಕೊಂಡಿರುವವರು ನಾಚಿಕೆಪಡದೆ ವೈದ್ಯರಿಗೆ ತಿಳಿಸಬೇಕು. ಔಷಧಿಯನ್ನು ನಿಲ್ಲಿಸಿದ ಮೇಲೆ ಅನೇಕರಲ್ಲಿ ಕೆಲವು ತಿಂಗಳುಗಳಲ್ಲಿ ಸ್ಥಿತಿ ಸುಧಾರಿಸುತ್ತದೆ.

ಜಿಮ್‌ಗೆ ಹೋಗಲೇಬೇಕೆನ್ನುವವರಿಗೆ

ಪೊಲೀಸ್, ಸೇನಾ ಆಯ್ಕೆಗಾಗಿ ಅಥವಾ ಕ್ರೀಡೆಗಾಗಿ ಜಿಮ್‌ನ ಅಗತ್ಯವಿರುವವರೂ ಉಂಟು. ಅಂಥವರು ಈ ನಿಯಮಗಳನ್ನು ಪಾಲಿಸಲಿ.

1. ಬಸ್ಸಿನಲ್ಲಿ ಅಥವಾ ಸೈಕಲ್ಲಿನಲ್ಲಿ ಹೋಗಿರಿ. ಮೋಟಾರ್ ಸೈಕಲ್ ಅನಿವಾರ್ಯವಾದರೆ ಇಬ್ಬರು ಒಂದರಲ್ಲಿ, ಹೆಲ್ಮೆಟ್ ಧರಿಸಿ ಹೋಗಿರಿ. ಪಟ್ಟಣದಲ್ಲಿ ಬೇರೆ ಕೆಲಸವಿರುವ ದಿನವೇ ಜಿಮ್‌ನ ದಿನವಾಗಲಿ.

2. ನಡಿಗೆ, ಓಟಗಳನ್ನು ಊರಿನಲ್ಲಿಯೇ ಮುಗಿಸಿರಿ. ಊರಿನಲ್ಲಿ ದೊರೆಯದ ಸಾಧನಗಳಿಗಾಗಿ ಮಾತ್ರ ವಾರಕ್ಕೆ ಎರಡು ದಿನ ಜಿಮ್‌ಗೆ ಹೋದರೆ ಸಾಕು.

3. ಕಿಟಕಿ ತೆರೆದು ಫ್ಯಾನ್ ಹಾಕಿಸಿರಿ. ಹವಾನಿಯಂತ್ರಣ ಬೇಕೇ ಆದರೆ 24 ಡಿಗ್ರಿಗಿಂತ ಕೆಳಗೆ ಇಳಿಸದಂತೆ ಕೇಳಿಕೊಳ್ಳಿರಿ. ಬಳಸಿದ ಯಂತ್ರವನ್ನು ಆರಿಸಿರಿ.

4. ಉದ್ಯಾನಗಳಲ್ಲಿರುವ ಬಯಲು ವ್ಯಾಯಾಮದ ಸಲಕರಣೆಗಳಿಗೆ ವಿದ್ಯುತ್ ಬೇಕಾಗಿಲ್ಲ. ನಿಮ್ಮ ಊರಿಗೂ ಅವು ಬೇಕೆಂದು ಗ್ರಾಮಸಭೆಯಲ್ಲಿ ಕೇಳಬಹುದು. ಮುಚ್ಚಿಹೋದ ಗರಡಿಮನೆಯಿದ್ದರೆ ಅದನ್ನು ದುರಸ್ತಿ ಮಾಡಿ ತೆರೆಯುವುದು ಇನ್ನೂ ಮೇಲು.

ಎಚ್ಚರಿಕೆಗಳು

ಮೂವತ್ತು ದಾಟಿದವರು ಹತ್ತಿರದ ಉಪಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹೃದಯದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ವ್ಯಾಯಾಮ ಆರಂಭಿಸಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆ ಅಥವಾ ಬೆಲ್ಲ ಇಟ್ಟುಕೊಂಡಿರಬೇಕು. ಎದೆನೋವು, ವಿಪರೀತ ಏದುಸಿರು, ತಲೆಸುತ್ತು ಕಂಡರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಬರಬೇಕು. ಬೇಸಿಗೆಯ ಮಧ್ಯಾಹ್ನ ವ್ಯಾಯಾಮ ಬೇಡ.

ಗರ್ಭಿಣಿಯರಿಗೆ ತೊಡಕುಗಳಿಲ್ಲದಿದ್ದರೆ ನಡಿಗೆ ಒಳ್ಳೆಯದು. ಭಾರ ಎತ್ತುವುದು, ಹಗ್ಗದಾಟ ಬೇಡ. ರಕ್ತಸ್ರಾವ ಅಥವಾ ಹೊಟ್ಟೆನೋವು ಕಂಡರೆ ತಡಮಾಡಬಾರದು. ರಕ್ತಹೀನತೆಯಿರುವ ಸ್ತ್ರೀಯರು ಮೊದಲು ಕಬ್ಬಿಣದ ಮಾತ್ರೆಗಳನ್ನು ಕ್ರಮವಾಗಿ ಸೇವಿಸಿ ಚೇತರಿಸಿಕೊಳ್ಳಲಿ. ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸಿಕೊಂಡ ಪತಿ ಅಥವಾ ಪತ್ನಿ ವೈದ್ಯರು ಒಪ್ಪುವವರೆಗೆ ಭಾರ ಎತ್ತಬಾರದು, ಸೈಕಲ್ ತುಳಿಯಬಾರದು.

ಈ ವಾರದ ಅಭ್ಯಾಸ

ಗೋಡೆಯ ಕ್ಯಾಲೆಂಡರಿನಲ್ಲಿ ಪತಿಪತ್ನಿಯರಿಬ್ಬರ ಗುರುತುಗಳನ್ನೂ ಹಾಕಿರಿ. ಅರ್ಧ ಗಂಟೆ ನಡೆದ ದಿನಕ್ಕೆ ಒಂದು ಗೀಟು; ಮೋಟಾರ್ ಸೈಕಲ್ ತೆಗೆಯದೆ ನಡೆದು ಮುಗಿಸಿದ ಕೆಲಸಕ್ಕೆ ಒಂದು ಸೊನ್ನೆ. ತಿಂಗಳ ಕೊನೆಯಲ್ಲಿ ಇಬ್ಬರ ಗೀಟುಗಳನ್ನೂ ಎಣಿಸಿರಿ. ಪತಿಯ ಗೀಟು ಇಪ್ಪತ್ತಿದ್ದು ಪತ್ನಿಯದು ಐದೇ ಇದ್ದರೆ, ಮನೆಗೆಲಸದ ಹಂಚಿಕೆಯಲ್ಲಿ ಏನು ಬದಲಾಗಬೇಕೆಂದು ಇಬ್ಬರೂ ಕುಳಿತು ಮಾತನಾಡಿರಿ. ಉಳಿದ ಪೆಟ್ರೋಲಿನ ಹಣವನ್ನು ಹಾಲು, ಮೊಟ್ಟೆ, ಕಾಳುಗಳಿಗೆ ವಿನಿಯೋಗಿಸಿರಿ. ಮುಂದಿನ ಬಾರಿ ಆರೋಗ್ಯ ಕೇಂದ್ರಕ್ಕೆ ಬರುವಾಗ ಆ ಕ್ಯಾಲೆಂಡರಿನ ಹಾಳೆಯನ್ನು ತನ್ನಿರಿ. ನಿಮ್ಮ ರಕ್ತದೊತ್ತಡದ ಲೆಕ್ಕದೊಡನೆ ಅದನ್ನೂ ಹೋಲಿಸಿ ನೋಡೋಣ.